ನೀರಿನ ಕಡೆಯ ಬಾಗಿಲು

ನಮ್ಮ ಸಾಲಿನ ಮನೆಗಳಿಗೆ ಇದ್ದದ್ದು ಒಂದೇ ಕಾನೂನು: ನೀರಿನ ಕಡೆಯ ಬಾಗಿಲೇ ಬಾಗಿಲು. ನೆಂಟರು ಬರುವುದೂ ಅದರಲ್ಲೇ, ಹೆಣ ಹೋಗುವುದೂ ಅದರಲ್ಲೇ. ಹಿಂದುಗಡೆ ಬಾಗಿಲು ಇಡೋಣವೆಂದರೆ ಅಲ್ಲಿ ಬಂದರಿನ ಗೋಡೆ. ಎರಡಾಳೆತ್ತರ, ಮೇಲೆ ಗಾಜಿನ ಚೂರು. ಗೋಡೆಯ ಆಚೆ ಊರು, ಈಚೆ ನಾವು. ಊರಿನವರು ನಮ್ಮನ್ನು ‘ಗೋಡೆಯೊಳಗಿನವರು’ ಎನ್ನುತ್ತಿದ್ದರು, ಜೈಲಿನವರನ್ನು ಅಂದ ಹಾಗೆ.

ಆದ್ದರಿಂದ ಪಕ್ಕದ ಮನೆಯ ಅಣ್ಣತಮ್ಮಂದಿರು ಹದಿಮೂರು ವರ್ಷದ ಹಿಂದೆ ಪಾಲಾದಾಗ, ಅಣ್ಣನಾದವನು ಕಣ್ಣು ಮಿಟುಕಿಸುವಷ್ಟು ಹೊತ್ತೂ ಯೋಚಿಸದೆ ನೀರಿನ ಕಡೆಯ ಮೂರು ಕೋಣೆ ತನಗೆ ಎಂದ. ತಮ್ಮನಿಗೆ ಗೋಡೆ ಬದಿಯ ಎರಡು ಕತ್ತಲೆ ಕೋಣೆ. ತಾಯಿ ಇಬ್ಬರಿಗೂ ಸೇರಿದವಳು. ಯಾರಾದರೂ ಹಾಗೇ ಮಾಡುತ್ತಿದ್ದರು. ನಾನಿದ್ದರೆ ನಾನೂ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಎರಡು ಪಾಲಿನ ನಡುವೆ ಒಂದು ಬಾಗಿಲು ಉಳಿಯಿತು. ತಮ್ಮನ ಮನೆಯವರು ಹೊರಗೆ ಹೋಗಬೇಕೆಂದರೆ ಆ ನಡುಬಾಗಿಲು ದಾಟಿ, ಅಣ್ಣನ ಹಜಾರ ದಾಟಿ ಹೋಗಬೇಕು. ಅಗಳಿ ಇದ್ದದ್ದು ಅಣ್ಣನ ಕಡೆ.

ಅಣ್ಣ ಬಂದರಿನ ಕಚೇರಿಯ ಗುಮಾಸ್ತ. ಹಡಗಿನಿಂದ ಇಳಿದ ಮೂಟೆ ಎಣಿಸುವ ಕೆಲಸ. ಆದರೆ ನಡೆಯುವ ಠೀವಿ ನೋಡಿದರೆ ಹಡಗೇ ಅವನದು. ತಮ್ಮ ಕ್ರೇನ್ ನಡೆಸುತ್ತಿದ್ದ. ತಮ್ಮನ ಹೆಂಡತಿ ಟಾರ್ಪಾಲಿನ್ ಹೊಲಿಯುವವಳು. ನಮ್ಮ ಸಾಲಿನಲ್ಲಿ ಅವಳನ್ನು ದಬ್ಬಣ ಎಂದೇ ಕರೆಯುತ್ತಿದ್ದೆವು. ಕೈಯಲ್ಲಿ ಸದಾ ದಬ್ಬಣ ಹಿಡಿದಿರುತ್ತಿದ್ದಳು, ನಾಲಿಗೆಯೂ ಹಾಗೇ ಚುಚ್ಚುತ್ತಿತ್ತು. ಹಜಾರ ದಾಟುವಾಗಲೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ದಾಟಬೇಕೆಂದು ಓರಗಿತ್ತಿ ಕಟ್ಟಪ್ಪಣೆ ಮಾಡಿದ್ದಳು. ದಬ್ಬಣ ಹಾಗೇ ದಾಟುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಗಂಡ ಊಟಕ್ಕೆ ಕೂತಿದ್ದಾಗ ತುತ್ತು ಕೈಯಿಂದ ಜಾರಿತು. ಬಾಯಿ ಒಂದು ಕಡೆ ಎಳೆಯಿತು. ಕುರ್ಚಿಯಿಂದ ನೆಲಕ್ಕೆ ಬಿದ್ದ. ದಬ್ಬಣ ನಡುಬಾಗಿಲು ಬಡಿದಳು. ಆಚೆ ಹಜಾರದಲ್ಲಿ ಗುಮಾಸ್ತ ಬಂದರಿನ ದೊಡ್ಡ ಸಾಹೇಬರನ್ನು ಊಟಕ್ಕೆ ಕರೆದಿದ್ದ, ಹೆಡ್ ಗುಮಾಸ್ತನ ಜಾಗಕ್ಕಾಗಿ. ರೇಡಿಯೋ ಹಾಡುತ್ತಿತ್ತು. ನಲವತ್ತು ನಿಮಿಷ ಬಾಗಿಲು ತೆರೆಯಲಿಲ್ಲ. ಸಾಹೇಬರು ಕೈ ತೊಳೆದು ಹೋದ ಮೇಲೆ ತೆರೆಯಿತು. ನಾನಾಗ ಕೆಲಸಕ್ಕೆ ಹೋಗಿದ್ದೆ, ಇಲ್ಲದಿದ್ದರೆ ನಮ್ಮ ಮನೆಯ ಗೋಡೆಯನ್ನಾದರೂ ಒಡೆಯುತ್ತಿದ್ದೆ. ಒಂದೇ ಇಟ್ಟಿಗೆಯ ಗೋಡೆ ಅದು. ಆಸ್ಪತ್ರೆಯಲ್ಲಿ ಡಾಕ್ಟರು, “ಅರ್ಧ ಗಂಟೆ ಮುಂಚೆ ತಂದಿದ್ರೆ ಕೈ ಉಳೀತಿತ್ತು,” ಎಂದರು. ಬಲಗೈ, ಬಲಗಾಲು ಎರಡೂ ಹೋದವು. ಮಾತು ಒಂದು ಉಳಿಯಿತು.

ಗುಮಾಸ್ತ ಹೇಳಿದ್ದು ಒಂದೇ: “ಕೇಳಿಸ್ಲಿಲ್ಲ.” ಅವನು ಹೆಡ್ ಗುಮಾಸ್ತನಾದ.

ವಿಚಿತ್ರವೆಂದರೆ ಕ್ರೇನಿನವನೂ ಅದನ್ನೇ ಹೇಳುತ್ತಿದ್ದ. “ಅಣ್ಣನಿಗೆ ಕೇಳಿಸಿರ್ಲಿಲ್ಲ ಕಣೇ. ಕೇಳಿಸಿದ್ರೆ ಬಾಗಿಲು ಮುರಿದು ಬರ್ತಿದ್ದ. ನನಗೆ ಏಳು ವರ್ಷ ಆಗಿದ್ದಾಗ ಕಟ್ಟೆ ಮೇಲಿಂದ ನೀರಿಗೆ ಬಿದ್ದೆ, ಬೂಟು ಕೂಡ ಬಿಚ್ಚದೆ ಹಾರಿದವನು ಅವನು.” ಈ ಕಥೆಯನ್ನು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿದಾಗಲೆಲ್ಲ ಗಂಡಹೆಂಡಿರಿಗೆ ಜಗಳ. ನಮಗೆ ಇಬ್ಬರ ಮಾತೂ ಬಾಯಿಪಾಠ.

ಹೀಗಿರುವಾಗ ನಗರಸಭೆಯವರು ಬಂದು ಬಂದರನ್ನು ಊರಿಗೆ ಸೇರಿಸುತ್ತೇವೆ ಎಂದರು. ನಾವೇನು ತವರಿಗೆ ಓಡಿಹೋದ ಹೆಂಡತಿಯೇ, ಸೇರಿಸಿಕೊಳ್ಳುವುದಕ್ಕೆ, ಎಂದು ನಾವು ನಕ್ಕೆವು. ಆದರೆ ನಿಜವಾಗಿಯೂ ಯಂತ್ರಗಳು ಬಂದವು. ಮೂರು ದಿನದಲ್ಲಿ ಗೋಡೆ ನೆಲಸಮ. ಗೋಡೆ ಇದ್ದಲ್ಲಿ ಅಗಲವಾದ ಹೊಸ ಬೀದಿ, ದೀಪದ ಕಂಬ, ಬಸ್ ನಿಲ್ದಾಣ. ಪ್ರತಿ ಮನೆಯ ಬೆನ್ನಿಗೂ ನಗರಸಭೆಯ ಖರ್ಚಿನಲ್ಲೇ ಒಂದು ಹೊಸ ಬಾಗಿಲು ಕೊರೆದು ಕೊಟ್ಟರು. ನನ್ನ ಅಡುಗೆಮನೆ ಬೀದಿಗೆ ಬಂತು. ಊರಿನ ಹೆಂಗಸರು ನಡೆದು ಹೋಗುತ್ತಾ ನನ್ನ ಪಾತ್ರೆಯೊಳಗೆ ಇಣುಕತೊಡಗಿದರು.

ದಬ್ಬಣನ ಕತ್ತಲೆ ಕೋಣೆಗೆ ಮೊದಲ ಸಲ ಬಿಸಿಲು ಬಿತ್ತು. ಒಂದು ವಾರದೊಳಗೆ ಅವಳು ಹೊಲಿಗೆ ಯಂತ್ರವನ್ನು ಬಾಗಿಲಿಗೆ ಎಳೆದು, ಚೀಲ ಹೊಲಿಯುವುದು, ಜಿಪ್ ಹಾಕುವುದು, ಛತ್ರಿ ರಿಪೇರಿ ಎಂದು ಬೋರ್ಡು ನೇತುಹಾಕಿದಳು. ಗಂಡನ ಕುರ್ಚಿಯನ್ನು ಬೀದಿ ಕಾಣುವ ಹಾಗೆ ಇಟ್ಟಳು. ಗಿರಾಕಿಗಳು ಬಂದರು. ಗುಮಾಸ್ತನ ಮಗಳು, ಇಪ್ಪತ್ತರ ಹುಡುಗಿ, “ಚಿಕ್ಕಮ್ಮ, ನಾನೂ ಕಲೀತೀನಿ,” ಎಂದು ಬಂದು ಕೂತಳು. ದಬ್ಬಣ ಬೇಡ ಎನ್ನಲಿಲ್ಲ. ಹುಡುಗಿಯ ಮೇಲೆ ಅವಳಿಗೆ ಕೋಪ ಇರಲಿಲ್ಲ.

ಮೂರನೇ ವಾರ ನಗರಸಭೆಯವರು ನೀರಿನ ಕಡೆ ಕೈ ಹಾಕಿದರು. ಅಲ್ಲಿನ ಕಲ್ಲುಕಟ್ಟೆಯನ್ನು ಎತ್ತರಿಸಿ ಊರಿನವರು ಓಡಾಡುವ ಜಾಗ ಮಾಡುತ್ತಾರಂತೆ. ಅದಕ್ಕೆ ನಮ್ಮ ಸಾಲಿನ ಮುಂಬಾಗಿಲುಗಳಿಂದ ಎರಡೇ ಅಡಿ ಬಿಟ್ಟು ಉದ್ದಕ್ಕೂ ತಗಡು ನಿಲ್ಲಿಸಿದರು, ಆಳೆತ್ತರದ್ದು, ಮನೆಮನೆಯ ನಡುವೆ ಅಡ್ಡತಗಡು ಬೇರೆ.

ಗುಮಾಸ್ತ ಮೇಸ್ತ್ರಿಯ ಮೇಲೆ ಹರಿಹಾಯ್ದ. “ನಾವು ಹೊರಗೆ ಹೋಗೋದು ಹೇಗ್ರೀ?”

“ಹಿಂದಿನ ಬಾಗಿಲಿಂದ ಹೋಗಿ ಸಾರ್. ಮನೆಗೊಂದು ಕೊಟ್ಟಿದೀವಲ್ಲ.”

“ಅದು ನಮ್ಮದಲ್ಲ. ತಮ್ಮನ ಪಾಲು.”

“ತಮ್ಮ ಅಂದ್ರೆ ಮನೆಯವನೇ ತಾನೇ?” ಎಂದ ಮೇಸ್ತ್ರಿ. “ಆರೇಳು ತಿಂಗಳ ಮಾತು. ಹೊಂದ್ಕೊಳ್ಳಿ.”

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ದಿನ ಸಂಜೆ ದಬ್ಬಣ ಬಡಗಿಯನ್ನು ಕರೆಸಿ ನಡುಬಾಗಿಲಿಗೆ ತನ್ನ ಕಡೆಯಿಂದ ಹೊಸ ಅಗಳಿ ಹಾಕಿಸಿದಳು. ಬಡಗಿ ಹೊಡೆದ ಒಂದೊಂದು ಮೊಳೆಯೂ ನಮ್ಮ ಮನೆಗೆ ಕೇಳಿಸಿತು. ಮಾರನೇ ಬೆಳಿಗ್ಗೆ ಆಚೆಯಿಂದ ಓರಗಿತ್ತಿ ಬಾಗಿಲು ತಟ್ಟಿದಳು.

“ಏನೇ, ತೆಗಿ. ಮಾರ್ಕೆಟ್ಟಿಗೆ ಹೋಗ್ಬೇಕು.”

“ತೆಗಿತೀನಿ ಅಕ್ಕ. ಮೊದ್ಲು ಕೇಳಿಸ್ಕೊಳ್ಳಿ. ಅತ್ತೆ ಯಾವಾಗ ಬೇಕಾದ್ರೂ ಬರಲಿ, ಹೋಗಲಿ. ನಿಮ್ಮ ಮಗಳೂ ಅಷ್ಟೇ. ನೀವೂ ಬನ್ನಿ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ಈಗಷ್ಟೇ ನೆಲ ಒರೆಸಿದೀನಿ.”

ಓರಗಿತ್ತಿ ಕೇಳಿದಳು, “ನಿಮ್ಮ ಭಾವ?”

“ಭಾವನವರು ಒಂದು ಮಾತು ಹೇಳಿ ದಾಟ್ಬೇಕು. ಅವತ್ತು ನಾನು ಬಡಿದದ್ದು ಕೇಳಿಸಿತ್ತು ಅಂತ. ಅಷ್ಟೇ. ಕ್ಷಮೆ ಗಿಮೆ ನನಗೆ ಬೇಡ.”

“ನಿನಗೇನು ತಲೆ ಕೆಟ್ಟಿದೆಯಾ? ಕೇಳಿಸ್ಲಿಲ್ಲ ಅಂತ ನೂರು ಸಲ ಹೇಳಿದಾರೆ.”

“ಹಂಗಾದ್ರೆ ನನಗೂ ಕೇಳಿಸಲ್ಲ,” ಎಂದಳು ದಬ್ಬಣ, ಯಂತ್ರ ತುಳಿಯುತ್ತಾ. “ಈ ಮಿಷನ್ ಸದ್ದು ನೋಡಿ, ಏನೂ ಕೇಳಿಸಲ್ಲ.”

ಓರಗಿತ್ತಿ ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದಳು. ಗಿರಾಕಿಗಳು ನೋಡಿದರು. ದಬ್ಬಣ ತಲೆ ಎತ್ತಲಿಲ್ಲ, ಆದರೆ ತುಟಿಯಂಚಿನಲ್ಲಿ ನಗು ಇತ್ತು. ನನಗೂ, ನಿಜ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಯಿತು.

ಮಧ್ಯಾಹ್ನ ಗಂಡನಿಗೆ ಊಟ ಮಾಡಿಸುವಾಗ ಜಗಳ ಶುರುವಾಯಿತು.

“ನೀನು ಮಾಡ್ತಿರೋದು ಸರಿಯಿಲ್ಲ,” ಎಂದ ಕ್ರೇನಿನವನು.

“ಬಾಯಿ ತೆಗೀರಿ. ಮೀನಿಗೆ ಮುಳ್ಳಿಲ್ಲ, ತೆಗೆದಿದೀನಿ.”

“ಅವನಿಗೆ ಅರವತ್ತು ಹತ್ರ ಬಂತು. ಅಣ್ಣ ಕಣೇ ಅವನು.”

“ನಿಮಗೆ ನಲವತ್ತಾರಕ್ಕೇ ತೊಂಬತ್ತು ಆಯ್ತಲ್ಲ, ಅದಕ್ಕೇನಂತೀರಿ? ತುತ್ತು ನಾನು ಹಾಕ್ತೀನಿ, ಸ್ನಾನ ನಾನು ಮಾಡಿಸ್ತೀನಿ. ಒಂದು ಮಾತು, ಒಂದೇ ಒಂದು ಮಾತು ಕೇಳ್ತಿರೋದು.”

“ಅವನಿಗೆ ಕೇಳಿಸಿರ್ಲಿಲ್ಲ.”

“ಸರಿ ಬಿಡಿ. ಕಿವುಡನ ಮುಂದೆ ಕಿಂದರಿ ಬಾರಿಸಿದ ಹಾಗೆ. ನುಂಗಿ.”

ಗುಮಾಸ್ತ ಮಾತ್ರ ಬಗ್ಗಲಿಲ್ಲ. ಮರುದಿನದಿಂದ ಅವನು ಕಚೇರಿಗೆ ಹೋಗುವ ದಾರಿ ತಗಡಿನ ಮೇಲಿಂದ. ಬಾಗಿಲ ಮುಂದೆ ಒಂದು ಸ್ಟೂಲು, ಅದರ ಮೇಲೆ ಒಂದು ಪೆಟ್ಟಿಗೆ, ಆಮೇಲೆ ತಗಡು. ಆಚೆ ಕಡೆ ಕೂಲಿಯವರು ಮರಳಿನ ಚೀಲ ಪೇರಿಸಿಕೊಟ್ಟಿದ್ದರು. ಮೊದಲು ಕೈಚೀಲ ಆಚೆಗೆ ಬೀಳುತ್ತಿತ್ತು, ಆಮೇಲೆ ಊಟದ ಡಬ್ಬಿ, ಆಮೇಲೆ ಹೆಡ್ ಗುಮಾಸ್ತರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂಲಿಯವರು ಕೆಲಸ ನಿಲ್ಲಿಸಿ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬ ದಿನಾ ಸಲಾಮು ಹೊಡೆಯುತ್ತಿದ್ದ. ಎರಡೂವರೆ ವಾರ ಹೀಗೇ ನಡೆಯಿತು. ಒಂದು ಸಂಜೆ ಹಿಂದಿರುಗುವಾಗ ಸ್ಟೂಲು ವಾಲಿತು, ಧೊಪ್ಪನೆ ಬಿದ್ದ. ಪಾದ ಹೊರಳಿ ಊದಿಕೊಂಡಿತು.

“ಬಿದ್ದೆಯಾ?” ಎಂದು ತಾಯಿ ಕೇಳಿದರೆ, “ಇಲ್ಲ, ಇಳಿದೆ,” ಎಂದನಂತೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ರಜೆ ಹಾಕಿ ಮನೆಯೊಳಗೆ ಕೂತ.

ದಬ್ಬಣನ ಅತ್ತೆ ಎರಡೂ ಕಡೆ ಓಡಾಡುವವಳು. ಬೆಳಿಗ್ಗೆ ದೊಡ್ಡ ಮಗನ ಮನೆಯಲ್ಲಿ ಚಹಾ, ಹತ್ತಕ್ಕೆ ಚಿಕ್ಕವನ ಮನೆಯಲ್ಲಿ ಇನ್ನೊಂದು. ಒಂದು ದಿನ ಚಹಾ ಬಸಿಯಲ್ಲೇ ಆರಲು ಬಿಟ್ಟು ಸೊಸೆಯನ್ನೇ ನೋಡುತ್ತಾ ಕೂತಳು. ನಾನು ಛತ್ರಿ ರಿಪೇರಿಗೆ ಕೊಡಲು ಹೋಗಿದ್ದೆ.

“ಅವನು ಒಳಗೇ ಕೂತು ಕೊಳೀತಾ ಇದಾನೆ,” ಎಂದಳು ಅತ್ತೆ.

“ನಿಮ್ಮ ಇನ್ನೊಬ್ಬ ಮಗ ಆರು ವರ್ಷದಿಂದ ಕೂತಿದಾನೆ. ಅವನನ್ನೂ ಒಂದು ಸಲ ನೋಡಿ ಅತ್ತೆ.”

“ನೋಡ್ತಾನೇ ಇದೀನಿ. ಅದಕ್ಕೇ ಹೇಳ್ತೀನಿ, ಕೆದಕ್ಬೇಡ. ಅವನು ಏನೋ ಒಂದು ಅಂದ್ಕೊಂಡು ನೆಮ್ಮದಿಯಾಗಿದಾನೆ.”

“ನೀವೂ ಅವತ್ತು ಹಜಾರದಲ್ಲಿದ್ರಿ. ನಿಮಗೆ ಕೇಳಿಸ್ತಾ?”

ಅತ್ತೆ ಎದ್ದಳು. “ನನಗೆ ವಯಸ್ಸಾಗಿದೆಯಮ್ಮ. ಕಿವಿ ಮಂದ.”

“ಚಹಾ ಆಯ್ತು ಅಂತ ಪಿಸುಗುಟ್ಟಿದ್ರೆ ಆಚೆ ಕೋಣೆಯಿಂದ ಬರ್ತೀರಿ,” ಎಂದಳು ದಬ್ಬಣ. ಅತ್ತೆ ಒಳಗೆ ಹೋದಳು. ಚಹಾ ಅಲ್ಲೇ ಉಳಿಯಿತು.

ಎಂಟನೇ ವಾರ ಗುಮಾಸ್ತನಿಗೆ ನಗರಸಭೆಯಿಂದ ಕಾಗದ ಬಂತು. ಹೊಸ ಬೀದಿಯ ಉದ್ಘಾಟನೆ, ಮೇಯರ್ ಬರುತ್ತಾರೆ, ಬಂದರಿನಲ್ಲಿ ಮೂವತ್ತೆಂಟು ವರ್ಷ ದುಡಿದ ಹಿರಿಯರೆಂದು ಇವನಿಗೆ ಸನ್ಮಾನ, ಇವನು ಐದು ನಿಮಿಷ ಮಾತಾಡಬೇಕು. ಕಾಗದವನ್ನು ಓರಗಿತ್ತಿ ಸಾಲಿಗೆಲ್ಲ ಓದಿ ಹೇಳಿದಳು. ಅವತ್ತಿನಿಂದ ಗೋಡೆಯಾಚೆ ಭಾಷಣದ ಅಭ್ಯಾಸ. “ಗೋಡೆ ಬಿದ್ದಿದೆ, ಮನಸ್ಸುಗಳು ಒಂದಾಗಿವೆ,” ಎನ್ನುವುದನ್ನು ನಾನು ದಿನಕ್ಕೆ ಹತ್ತು ಸಲ ಕೇಳಿದೆ. ಪಾತ್ರೆ ಉಜ್ಜುವಾಗ ನನ್ನ ಬಾಯಿಗೂ ಅದೇ ಬರತೊಡಗಿತು.

ವೇದಿಕೆ ಎಲ್ಲಿ ಹಾಕಿದರೆಂದರೆ ದಬ್ಬಣನ ಬಾಗಿಲ ಎದುರಿಗೇ, ಬಸ್ ನಿಲ್ದಾಣದ ಪಕ್ಕ. ಅದರ ಮೇಲಿನ ಟಾರ್ಪಾಲಿನ್ ಹೊಲಿದು ಕೊಟ್ಟವಳೂ ಅವಳೇ. ಸಾಲಿನಲ್ಲಿ ಆ ಅಳತೆ ಹೊಲಿಯುವವರು ಬೇರೆ ಯಾರಿದ್ದರು? ಗುಮಾಸ್ತನ ಮಗಳು ಅಂಚು ಮಡಿಸಿ ಹಿಡಿದಿದ್ದಳು.

“ಚಿಕ್ಕಮ್ಮ,” ಎಂದಳು ಹುಡುಗಿ, “ಅವತ್ತೊಂದು ದಿನ ಬಿಟ್ಬಿಡಿ. ಆಮೇಲೆ ಬೇಕಾದ್ರೆ ಮತ್ತೆ ಅಗಳಿ ಹಾಕ್ಕೊಳ್ಳಿ.”

“ಅವತ್ತೇ ಬೇಕು ಕಣೇ. ಅಷ್ಟು ಜನರ ಮುಂದೆ ಹೋಗೋಕೆ ಅವನಿಗೆ ಆಸೆ ಇದ್ಯಲ್ಲ, ಆ ಆಸೆ ಬೇಕು ನನಗೆ.”

“ಅಪ್ಪ ಹೇಳಲ್ಲ. ನಿಮಗೆ ಗೊತ್ತಲ್ಲ.”

“ಹೇಳದಿದ್ರೆ ಮೈಕಿನಲ್ಲಿ ಕರೆಯೋದನ್ನ ಒಳಗೆ ಕೂತು ಕೇಳಲಿ. ಕಿವಿ ಚೆನ್ನಾಗಿದ್ಯೋ ಇಲ್ವೋ ಗೊತ್ತಾಗತ್ತೆ. ಅಂಚು ಗಟ್ಟಿಯಾಗಿ ಹಿಡಿ.”

ಹುಡುಗಿ ಹಿಡಿದಳು. ಕಣ್ಣಿನಿಂದ ಒಂದು ಹನಿ ಟಾರ್ಪಾಲಿನ್ ಮೇಲೆ ಬಿತ್ತು. ದಬ್ಬಣ ಅದನ್ನು ನೋಡಿಯೂ ನೋಡದವಳಂತೆ ಹೊಲಿದಳು.

ಆ ದಿನ ಬೆಳಿಗ್ಗೆ ಹತ್ತಕ್ಕೇ ಬೀದಿ ತುಂಬಿತು. ನಾವು ನಾಲ್ಕೈದು ಹೆಂಗಸರು ದಬ್ಬಣನ ಅಂಗಡಿಯಲ್ಲೇ ಜಾಗ ಹಿಡಿದೆವು. ಅಲ್ಲಿಂದ ವೇದಿಕೆ ಚೆನ್ನಾಗಿ ಕಾಣುತ್ತಿತ್ತು. ನಡುಬಾಗಿಲಿನಲ್ಲಿ ಏನಾಗುತ್ತದೋ ಎಂಬ ಕುತೂಹಲವೂ ಇತ್ತು, ಇಲ್ಲ ಎನ್ನಲಾರೆ. ಕ್ರೇನಿನವನಿಗೆ ಅವಳು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂರಿಸಿದ್ದಳು. ಅವನು ಊರಿನ ಒಬ್ಬ ಗಿರಾಕಿಗೆ ನೀರಿಗೆ ಬಿದ್ದ ಕಥೆ ಹೇಳುತ್ತಿದ್ದ. “ಬೂಟು ಕೂಡ ಬಿಚ್ಚಲಿಲ್ಲ ನೋಡಿ. ಇವತ್ತು ಅವನಿಗೇ ಸನ್ಮಾನ.”

ಮೇಯರ್ ಬಂದರು. ಮೈಕು ಕೂಗಿತು. ಆಗ ನಡುಬಾಗಿಲು ತಟ್ಟಿದ ಸದ್ದು. ಊರುಗೋಲಿನಿಂದ ತಟ್ಟಿದ್ದು.

“ಯಾರು?” ಎಂದಳು ದಬ್ಬಣ.

“ನಾನು. ತೆಗೀಮ್ಮ. ಹೊತ್ತಾಯ್ತು.”

ಭಾವ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡಿ ಆರು ವರ್ಷವಾಗಿತ್ತು. ಅಂಗಡಿಯಲ್ಲಿ ಎಲ್ಲರೂ ವೇದಿಕೆ ಬಿಟ್ಟು ನಡುಬಾಗಿಲ ಕಡೆ ತಿರುಗಿದರು.

“ಮಾತು ಹೇಳಿ, ತೆಗಿತೀನಿ.”

“ಏನಮ್ಮ ಇದು, ಹಟ. ಆಮೇಲೆ ಕೂತು ಮಾತಾಡೋಣ.”

“ಆಮೇಲೆ ಅನ್ನೋದನ್ನ ನಾನು ಒಂದು ಸಲ ಕೇಳಿದೀನಿ ಭಾವನವರೇ. ಸಾಹೇಬರು ಹೋದ ಆಮೇಲೆ.”

ವೇದಿಕೆಯಿಂದ ಕರೆ ಬಂತು: ಬಂದರಿನ ಹಿರಿಯರು ದಯವಿಟ್ಟು ವೇದಿಕೆಗೆ ಬರಬೇಕು. ಯಾರೂ ಹೋಗಲಿಲ್ಲ. ಇನ್ನೊಬ್ಬರ ಭಾಷಣ ಶುರು ಮಾಡಿದರು. ಬಾಗಿಲಾಚೆ ಓರಗಿತ್ತಿಯ ಪಿಸುದನಿ, ಅತ್ತೆಯ ಕೆಮ್ಮು.

“ತೆಗಿಯೇ,” ಎಂದ ಕ್ರೇನಿನವನು. “ಸಾಕು. ತೆಗಿ.”

“ನೀವು ಸುಮ್ನಿರಿ. ನಿಮಗೋಸ್ಕರಾನೇ ಇದು.”

“ನನಗೆ ಬೇಡ.”

“ನನಗೆ ಬೇಕು.”

ಭಾಷಣ ಮುಗಿಯಿತು. ಎರಡನೇ ಸಲ ಕರೆದರು, ಹುದ್ದೆ ಸಮೇತ. ಚಪ್ಪಾಳೆ ತಟ್ಟಿ ಕಾದರು. ಚಪ್ಪಾಳೆ ಸೊರಗಿತು. ಮೇಯರ್ ಗಡಿಯಾರ ನೋಡಿಕೊಂಡದ್ದು ನಮಗೆ ಕಾಣಿಸಿತು. ಆಗ ಬಾಗಿಲಾಚೆಯಿಂದ ಮೆಲ್ಲಗೆ ಏನೋ ಕೇಳಿಸಿತು.

“ಗಟ್ಟಿಯಾಗಿ,” ಎಂದಳು ದಬ್ಬಣ. “ಇವರಿಗೂ ಕೇಳಿಸಲಿ.”

“ಕೇಳಿಸಿತ್ತು,” ಎಂದ ಗುಮಾಸ್ತ. “ನೀನು ಬಡಿದದ್ದು ಕೇಳಿಸಿತ್ತು. ಮೊದಲನೇ ಸಲಕ್ಕೇ ಕೇಳಿಸಿತ್ತು. ಸಾಹೇಬರ ಮುಂದೆ ಎದ್ದು ಬರೋಕೆ ಧೈರ್ಯ ಸಾಲ್ಲಿಲ್ಲ. ಇಷ್ಟು ಸಾಕಾ?”

ಅವಳು ಅಗಳಿ ತೆಗೆದಳು. ಕೋಟು, ಊರುಗೋಲು, ಕೈಯಲ್ಲಿ ಭಾಷಣದ ಹಾಳೆ. ಅವನು ಚಪ್ಪಲಿ ಬಿಚ್ಚಲು ಬಗ್ಗಿದ, ಪಾದ ಊದಿದ್ದರಿಂದ ಆಗಲಿಲ್ಲ. ಕುಂಟುತ್ತಾ ತಮ್ಮನ ಕುರ್ಚಿಯವರೆಗೆ ಬಂದು ನಿಂತ. ತಮ್ಮ ಬೀದಿಯನ್ನೇ ನೋಡುತ್ತಿದ್ದ. ಗುಮಾಸ್ತ ಎಡಗೈ ಚಾಚಿ ಅವನ ಹೆಗಲು ಮುಟ್ಟಬೇಕೆಂದವನು ಮುಟ್ಟದೆ ಹೊರಗೆ ಹೋದ.

ವೇದಿಕೆಯ ಮೇಲೆ ಅವನಿಗೆ ಒಂದು ಫಲಕ ಕೊಟ್ಟರು. ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದ. “ಗೋಡೆ,” ಎಂದ. ನಿಂತ. ಹಾಳೆ ಮಡಿಸಿ, “ಎಲ್ಲರಿಗೂ ನಮಸ್ಕಾರ,” ಎಂದು ಹೇಳಿ ಕೂತುಬಿಟ್ಟ.

ದಬ್ಬಣ ಹೊಸಿಲಲ್ಲಿ ನಿಂತು ನೋಡಿದಳು. ಆರು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. “ಬಾಯಿ ಬರಲಿಲ್ಲ ನೋಡು,” ಎಂದು ನನ್ನ ಕೈ ಹಿಂಡಿದಳು. “ಮಾಡಿದ್ದುಣ್ಣೋ ಮಹರಾಯ.” ಆಮೇಲೆ ಗಂಡನ ಕಡೆ ತಿರುಗಿದಳು. “ಈಗಲಾದ್ರೂ ಒಪ್ತೀರಾ? ಕೇಳಿಸಿತ್ತಂತೆ. ಅವನ ಬಾಯಿಂದಾನೇ ಬಂತು.”

“ನನಗೆ ಗೊತ್ತಿತ್ತು,” ಎಂದ ಕ್ರೇನಿನವನು.

“ಏನು ಗೊತ್ತಿತ್ತು?”

“ನಾನು ನೆಲದ ಮೇಲೆ ಬಿದ್ದಿದ್ದೆ, ಬಾಗಿಲ ಸಂದಿ ಹತ್ರಾನೇ. ನೀನು ಬಡಿದಾಗ ಒಳಗೆ ನಗು ನಿಂತಿತು. ‘ಏನದು ಸದ್ದು’ ಅಂತ ಸಾಹೇಬರು ಕೇಳಿದ್ರು. ‘ಏನಿಲ್ಲ ಸಾರ್, ಪಕ್ಕದ ಮನೆ’ ಅಂದ ಅಣ್ಣ. ರೇಡಿಯೋ ಜೋರು ಮಾಡಿದ. ನೀನು ಕಿರುಚ್ತಾ ಇದ್ದೆ, ನಿನಗೆ ಕೇಳಿಸ್ಲಿಲ್ಲ. ನನಗೆ ಎಲ್ಲಾ ಕೇಳಿಸ್ತು.”

ದಬ್ಬಣನ ಕೈ ನನ್ನ ಕೈಯಿಂದ ಜಾರಿತು. “ಮತ್ತೆ ಆರು ವರ್ಷ ನನ್ನ ಜೊತೆ ಜಗಳ ಆಡಿದ್ರಲ್ಲ? ಕೇಳಿಸಿರ್ಲಿಲ್ಲ, ಕೇಳಿಸಿರ್ಲಿಲ್ಲ ಅಂತ?”

“ಹೂಂ. ಹಂಗೆ ಹೇಳ್ತಾ ಹೇಳ್ತಾ ನನಗೂ ನಿಜ ಅನ್ನಿಸ್ತಿತ್ತು. ಕೈ ಹೋಗಿತ್ತು, ಕಾಲು ಹೋಗಿತ್ತು, ಅಣ್ಣ ಅಂತ ಒಬ್ಬನನ್ನ ಇಟ್ಕೊಂಡಿದ್ದೆ.” ಅವನ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. “ನೀನು ಗೆದ್ದೆ ಬಿಡು. ನಾಳೆ ಬೆಳಿಗ್ಗೆ ನಾನು ಏನು ಅಂದ್ಕೊಂಡು ಏಳಲಿ, ಅದೊಂದು ಹೇಳು.”

ಹೊರಗೆ ಬ್ಯಾಂಡು ಶುರುವಾಯಿತು. ನಾವು ಹೆಂಗಸರು ಒಬ್ಬರ ಹಿಂದೆ ಒಬ್ಬರು ಎದ್ದೆವು. ಏನೋ ಕೆಲಸ ನೆನಪಾದವರ ಹಾಗೆ ಸೆರಗು ಸರಿಮಾಡಿಕೊಂಡು ಹೊರಬಿದ್ದೆವು. ನಾನು ಕೊನೆಯವಳು. ಮಾತಿಗೆ ಮಾತು ಬಿಡದ ಹೆಂಗಸು ಗಂಡನ ಮುಂದೆ ನಿಂತೇ ಇದ್ದಳು.